ಬಿಲ್ಡ್ ಆರ್ಗ್ಯುಮೆಂಟ್ (ಡಾಕರ್)

ಬಿಲ್ಡ್ ಆರ್ಗ್ಯುಮೆಂಟ್ ಎಂಬುದು ಕಂಟೇನರ್ ಇಮೇಜನ್ನು ನಿರ್ಮಿಸುವಾಗ ಹೊರಗಿನಿಂದ ನೀಡಬಹುದಾದ ಚರಮೌಲ್ಯ. ತಂತ್ರಾಂಶವನ್ನು ಅದಕ್ಕೆ ಬೇಕಾದ ಲೈಬ್ರರಿಗಳೊಡನೆ ಒಟ್ಟುಗೂಡಿಸಿದ ಕಟ್ಟನ್ನು ಕಂಟೇನರ್ ಇಮೇಜ್ ಎನ್ನುತ್ತಾರೆ. ಅದರ ನಿರ್ಮಾಣಕ್ರಮವನ್ನು ಡಾಕರ್‌ಫೈಲ್ ಎಂಬ ಕಡತದಲ್ಲಿ ಬರೆಯಲಾಗುತ್ತದೆ. 2013ರಲ್ಲಿ ಬಿಡುಗಡೆಯಾದ ಡಾಕರ್‌ಗೆ ಈ ಸೌಲಭ್ಯವು 2015ರ ನವೆಂಬರ್‌ನಲ್ಲಿ, 1.9ನೇ ಆವೃತ್ತಿಯೊಂದಿಗೆ ಸೇರಿತು.

ಬಳಕೆ

ಡಾಕರ್‌ಫೈಲಿನಲ್ಲಿ ‘ಆರ್ಗ್’ ಸೂಚನೆಯ ಮೂಲಕ ಚರದ ಹೆಸರನ್ನೂ, ಬೇಕಿದ್ದರೆ ಪೂರ್ವನಿಯೋಜಿತ ಮೌಲ್ಯವನ್ನೂ ಘೋಷಿಸಬೇಕು. ನಿರ್ಮಾಣದ ಆದೇಶಕ್ಕೆ ‘ಬಿಲ್ಡ್-ಆರ್ಗ್’ ಆಯ್ಕೆಯನ್ನು ಸೇರಿಸಿ ಬೇರೆ ಮೌಲ್ಯ ನೀಡಬಹುದು. ಉದಾಹರಣೆಗೆ, ಮುದ್ರಿತ ಪುಟದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶದ ಇಮೇಜಿನಲ್ಲಿ ಭಾಷಾಸಂಕೇತವನ್ನು ಚರವಾಗಿಟ್ಟರೆ, ‘ಕೆಎಎನ್’ ಎಂದು ನೀಡಿ ಕನ್ನಡದ, ‘ಎಂಎಎಲ್’ ಎಂದು ನೀಡಿ ಮಲಯಾಳದ ದತ್ತಾಂಶವನ್ನು ಅಳವಡಿಸಬಹುದು, ಡಾಕರ್‌ಫೈಲನ್ನು ತಿದ್ದಬೇಕಿಲ್ಲ.

ವ್ಯಾಪ್ತಿ

ಘೋಷಣೆಯ ಸಾಲಿನಿಂದ ಮುಂದಕ್ಕೆ, ಆ ನಿರ್ಮಾಣ ಹಂತದೊಳಗೆ ಮಾತ್ರ ಚರವು ಲಭ್ಯ. ಕಂಟೇನರ್ ಚಾಲನೆಯಲ್ಲಿರುವಾಗಲೂ ಮೌಲ್ಯ ಬೇಕಿದ್ದರೆ ‘ಎನ್ವ್’ ಸೂಚನೆಯನ್ನು ಬಳಸಬೇಕು. ಎರಡಕ್ಕೂ ಒಂದೇ ಹೆಸರಿದ್ದರೆ ‘ಎನ್ವ್’ ಮೌಲ್ಯವೇ ಅನ್ವಯವಾಗುತ್ತದೆ.

ಸುರಕ್ಷತೆ

ಗುಪ್ತಪದಗಳನ್ನು ಈ ವಿಧಾನದಲ್ಲಿ ನೀಡಬಾರದು. ನಿರ್ಮಾಣ ಮುಗಿದ ಮೇಲೆ ಚರವು ಮರೆಯಾದರೂ ಅದರ ಮೌಲ್ಯವು ಇಮೇಜಿನ ಇತಿಹಾಸದಲ್ಲಿ ಉಳಿಯಬಹುದು. ಇಮೇಜನ್ನು ಪಡೆದವರು ‘ಡಾಕರ್ ಹಿಸ್ಟರಿ’ ಆದೇಶದಿಂದ ಅದನ್ನು ಓದಬಹುದು. ಗುಪ್ತ ಮಾಹಿತಿಗಾಗಿ ಬಿಲ್ಡ್‌ಕಿಟ್‌ನಲ್ಲಿ ‘ಸೀಕ್ರೆಟ್ ಮೌಂಟ್’ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ.