ಹುಣ್ಣು ನಾಲಿಗೆಯಲ್ಲಿ, ಶಸ್ತ್ರಕ್ರಿಯೆ ಕುತ್ತಿಗೆಗೂ ಏಕೆ?

ನಾಲಿಗೆಯ ಅಂಚಿನಲ್ಲಿ 2 ಸೆಂಟಿಮೀಟರ್ ಮೀರದ ಹುಣ್ಣು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿದೆ. ಕುತ್ತಿಗೆಯನ್ನು ಒತ್ತಿ ನೋಡಿದರೆ ಗಂಟುಗಳಿಲ್ಲ, ಸ್ಕ್ಯಾನಿಂಗ್‌ನಲ್ಲೂ ದೋಷ ಕಾಣದು. ಹೀಗಿದ್ದರೂ ವೈದ್ಯರು ನಾಲಿಗೆಯ ಜತೆಗೆ ಕುತ್ತಿಗೆಗೂ ಶಸ್ತ್ರಕ್ರಿಯೆ ಆಗಬೇಕೆಂದಾಗ ರೋಗಿಯ ಮನೆಯವರು ಹೌಹಾರುವುದು ಸಹಜ. ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ದಶಕಗಳ ಕಾಲ ಶಸ್ತ್ರವೈದ್ಯರೇ ಇದರ ಬಗ್ಗೆ ಎರಡು ಪಕ್ಷವಾಗಿ ವಾದಿಸಿದ್ದರು.

ನಾಲಿಗೆಯ ಮಟ್ಟಿಗೆ ಹೆಚ್ಚಿನ ವಿವಾದವಿಲ್ಲ. ಸುತ್ತಲಿನ ಸುಮಾರು 1 ಸೆಂಟಿಮೀಟರ್ ಆರೋಗ್ಯವಂತ ಭಾಗವೂ ಸೇರಿದಂತೆ ಹುಣ್ಣನ್ನು ತೆಗೆಯುವುದೇ ಮೊದಲ ಆಯ್ಕೆ. ಚಿಕ್ಕ ಹುಣ್ಣಾದರೆ ಮಾತು, ನುಂಗುವಿಕೆ ಬಹುಮಟ್ಟಿಗೆ ಮರಳುತ್ತವೆ. ನಾಲಿಗೆಯೊಳಗೇ ವಿಕಿರಣ ಮೂಲವನ್ನಿರಿಸುವ ಬ್ರಾಕಿಥೆರಪಿ ಎಂಬ ವಿಧಾನವೂ ಇದೆ. ನುರಿತವರ ಕೈಯಲ್ಲಿ ಅದರ ಫಲ ಚೆನ್ನಾಗಿಯೇ ಇದೆ. ಆದರೆ ಅಂಥ ನುರಿತವರು ವಿರಳ. ದವಡೆಯ ಮೂಳೆಗೆ ಹಾನಿಯಾಗುವ ಅಪಾಯವೂ ಉಂಟು.

ನಿಜವಾದ ಜಿಜ್ಞಾಸೆ ಇರುವುದು ಕುತ್ತಿಗೆಯ ವಿಷಯದಲ್ಲಿ. ನಾಲಿಗೆಯಿಂದ ಹೊರಟ ಕ್ಯಾನ್ಸರ್ ಕಣಗಳು ಮೊದಲು ಸೇರುವುದು ಕುತ್ತಿಗೆಯ ದುಗ್ಧಗ್ರಂಥಿಗಳನ್ನು. ಆರಂಭಿಕ ಹಂತದಲ್ಲೂ ಶೇ. 20ರಿಂದ 30ರಷ್ಟು ರೋಗಿಗಳಲ್ಲಿ ಅವು ಯಾವ ಸ್ಕ್ಯಾನಿಗೂ ಸಿಗದೆ ಅಲ್ಲಿ ಅಡಗಿರುತ್ತವೆ. ಹಾಗೆಂದು ಎಲ್ಲರ ಗ್ರಂಥಿಗಳನ್ನೂ ತೆಗೆದರೆ ಉಳಿದ ಬಹುಪಾಲು ಮಂದಿಗೆ ಅನಗತ್ಯ ಗಾಯ, ಕೆಲವರಿಗೆ ಭುಜದ ನಿಶ್ಶಕ್ತಿ. ಗಂಟು ಕಾಣಿಸಿಕೊಂಡ ಮೇಲೆ ನೋಡೋಣ ಎಂಬ ಪಕ್ಷ ಹುಟ್ಟಿದ್ದು ಹೀಗೆ.

ಇದಕ್ಕೆ ಗಟ್ಟಿ ಉತ್ತರ ದೊರೆತದ್ದು ಭಾರತದಲ್ಲೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ನೇತೃತ್ವದಲ್ಲಿ 2004ರಿಂದ 2014ರವರೆಗೆ ಆರಂಭಿಕ ಬಾಯಿ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಲಾಯಿತು. ಬಹುಪಾಲು ಮಂದಿಯದು ನಾಲಿಗೆಯ ಕ್ಯಾನ್ಸರೇ. 500 ಮಂದಿಯ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ 3 ವರ್ಷಗಳ ಬಳಿಕ ಶೇ. 80 ಮಂದಿ ಬದುಕಿದ್ದರೆ, ಕಾದು ನೋಡಿದವರಲ್ಲಿ ಈ ಪ್ರಮಾಣ ಶೇ. 67.5 ಮಾತ್ರ. ಅಂದರೆ 8 ಮಂದಿಗೆ ಮೊದಲೇ ಶಸ್ತ್ರಕ್ರಿಯೆ ಮಾಡಿದರೆ ಒಂದು ಜೀವ ಉಳಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ಅಲ್ಪ ಲಾಭವಲ್ಲ. ಕಾದವರಲ್ಲಿ ಗಂಟು ಪತ್ತೆಯಾಗುವ ಹೊತ್ತಿಗೆ ರೋಗ ಬಲಿತಿರುತ್ತಿತ್ತು.

ಹುಣ್ಣು 3 ಮಿಲಿಮೀಟರಿಗಿಂತ ಕಡಿಮೆ ಆಳಕ್ಕಿಳಿದಿದ್ದರೆ ಮಾತ್ರ ಈ ಲಾಭ ಸ್ಪಷ್ಟವಿಲ್ಲ. ಆದ್ದರಿಂದ ರೋಗಿ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಹುಣ್ಣಿನ ಅಗಲದ್ದಲ್ಲ, ಆಳದ್ದು. ತೀರಾ ತೆಳುವಾಗಿದ್ದವರು ಕಾಯಬಹುದು. ಆದರೆ ತಪ್ಪದೆ ತಪಾಸಣೆಗೆ ಬರಬೇಕು. ಬೀದರ್, ರಾಯಚೂರುಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದುಹೋಗುವವರಿಗೆ ಅದು ಹೇಳಿದಷ್ಟು ಸುಲಭವಲ್ಲ.

ಮಧ್ಯದ ದಾರಿಯೂ ಒಂದಿದೆ. ಅಲ್ಪ ಪ್ರಮಾಣದ ವಿಕಿರಣಶೀಲ ದ್ರಾವಣವನ್ನು ಹುಣ್ಣಿನ ಸುತ್ತ ಚುಚ್ಚಿ, ಅದು ಮೊದಲು ತಲುಪುವ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುವುದು. ಅಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. 2020ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಇದರ ಫಲಿತಾಂಶ ಪೂರ್ಣ ಶಸ್ತ್ರಕ್ರಿಯೆಗೆ ಸಮನಾಗಿತ್ತು. ಆದರೆ ಪರಮಾಣು ವೈದ್ಯಕೀಯ ವಿಭಾಗ ಹಾಗೂ ಗ್ರಂಥಿಯನ್ನು ಪದರಪದರವಾಗಿ ಪರೀಕ್ಷಿಸಬಲ್ಲ ತಜ್ಞರು ಇರುವ ಆಸ್ಪತ್ರೆಗಳಲ್ಲಷ್ಟೇ ಇದು ಸಾಧ್ಯ. ಗ್ರಂಥಿಯಲ್ಲಿ ರೋಗ ಕಂಡರೆ ಎರಡನೇ ಬಾರಿ ಶಸ್ತ್ರಕ್ರಿಯೆ ಬೇಕಾದೀತೆಂಬುದನ್ನೂ ರೋಗಿ ಮೊದಲೇ ತಿಳಿದಿರಬೇಕು.