ಕೆರೆಗಳಲ್ಲಿ ಮೇವುಗಾಳದ ಮೀನುಗಾರಿಕೆ: ಸುರಕ್ಷಿತ ಜೋಡಣೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಉತ್ತಮ ಮಳೆಯಿಂದ ಅಥವಾ ಹೇಮಾವತಿ ನಾಲೆಯ ನೀರಿನಿಂದ ಕೆರೆಗಳು ತುಂಬಿದ ವರ್ಷಗಳಲ್ಲಿ ಬೆಳ್ಳಾವಿ ಹೋಬಳಿಯಲ್ಲಿಯೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿಯೂ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂರುವವರು ಹೆಚ್ಚುತ್ತಾರೆ. ಹಿಂದೆ ಬಿದಿರು ಕೋಲು, ಒಂದು ಕೊಕ್ಕೆ ಮತ್ತು ಎರೆಹುಳು ಇದ್ದರೆ ಸಾಕಾಗುತ್ತಿತ್ತು. ಈಗ ರೀಲ್ ಅಳವಡಿಸಿದ ಕೋಲು, ಹಿಂಡಿ ಮೆತ್ತಿದ ತಂತಿಯ ಸ್ಪ್ರಿಂಗ್ ಮತ್ತು ಅದರ ಸುತ್ತ ಇಳಿಬಿದ್ದ ನಾಲ್ಕಾರು ಕೊಕ್ಕೆಗಳು ಬಳಕೆಗೆ ಬಂದಿವೆ. ಮೇವನ್ನೂ ಕೊಕ್ಕೆಯನ್ನೂ ಒಟ್ಟಿಗೆ ನೀರಿಗಿಳಿಸುವ ಈ ಸಾಧನವನ್ನು ಈ ಲೇಖನದಲ್ಲಿ ಮೇವುಗಾಳ ಎಂದು ಕರೆಯಲಾಗಿದೆ.

ಮೇವುಗಾಳ ಎಷ್ಟು ಮೀನು ಹಿಡಿಯುತ್ತದೆ ಎಂಬುದಕ್ಕಿಂತ, ದಾರ ಕಡಿದುಹೋದಾಗ ಅದು ನೀರಿನಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬುದು ಮುಖ್ಯವಾದ ಪ್ರಶ್ನೆ. ಅದೇ ಕೆರೆಯಲ್ಲಿ ಎಮ್ಮೆಗಳು ಮೈ ತೋಯಿಸುತ್ತವೆ, ಮಹಿಳೆಯರು ಬಟ್ಟೆ ಒಗೆಯುತ್ತಾರೆ, ಮಕ್ಕಳು ಈಜುತ್ತಾರೆ. ಆದುದರಿಂದ ಇದು ಕೇವಲ ಹವ್ಯಾಸದ ವಿಷಯವಲ್ಲ. ಕೆರೆಯ ನಿರ್ವಹಣೆಗೆ ಸೇರಿದ ವಿಷಯ.

1. ಗೆಂಡೆ ಮೀನು ಮೇಯುವ ಬಗೆ

ನಮ್ಮ ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಒಂದೇ ಕುಲಕ್ಕೆ ಸೇರಿದರೂ ಒಂದೇ ಮಟ್ಟದಲ್ಲಿ ಮೇಯುವುದಿಲ್ಲ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿಯೂ ರೋಹು ನಡುಭಾಗದಲ್ಲಿಯೂ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿಯೂ ಆಹಾರ ಹುಡುಕುತ್ತವೆ. ತಳದಲ್ಲಿ ಕೂರುವ ಮೇವುಗಾಳಕ್ಕೆ ಮುಖ್ಯವಾಗಿ ತಳದ ಮೀನುಗಳು, ಕೆಲವೊಮ್ಮೆ ರೋಹು ಸಿಗುತ್ತವೆ.

ಗೆಂಡೆ ಮೀನು ಆಹಾರವನ್ನು ಕಚ್ಚುವುದಿಲ್ಲ. ಬಾಯಿಂದ ಹೀರಿಕೊಂಡು, ಬೇಡವಾದುದನ್ನು ಉಗುಳುತ್ತದೆ. ಕರಗುತ್ತಿರುವ ಹಿಂಡಿಯ ಜೊತೆಗೆ ಪಕ್ಕದಲ್ಲಿರುವ ಕೊಕ್ಕೆಯನ್ನೂ ಹೀರುವುದರಿಂದ ಅದು ಸಿಕ್ಕಿಬೀಳುತ್ತದೆ. ಇದಕ್ಕೆ ಒಂದು ಕೊಕ್ಕೆ ಸಾಕು.

ಸದಸ್ಯರು ಇನ್ನೊಂದು ಅಂಶವನ್ನು ನೆನಪಿಡಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಚುಚ್ಚುಮದ್ದಿನ ಮೂಲಕ ಇವುಗಳನ್ನು ಮರಿ ಮಾಡಿಸುವಲ್ಲಿ ಯಶಸ್ವಿಯಾದ ನಂತರವೇ ಊರೂರಿನ ಕೆರೆಗಳಿಗೆ ಮೀನುಮರಿ ದೊರೆಯುವಂತಾಯಿತು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಕೆರೆಯಲ್ಲಿರುವ ಇಂತಹ ಪ್ರತಿಯೊಂದು ಮೀನೂ ಯಾರೋ ಹಣ ಕೊಟ್ಟು ತಂದು ಬಿಟ್ಟದ್ದು. ಗಾಯಗೊಂಡು ಸಾಯುವ ಮೀನು ಗುತ್ತಿಗೆದಾರನಿಗೆ ಅಥವಾ ಮೀನುಗಾರರ ಸಹಕಾರ ಸಂಘಕ್ಕೆ ಆದ ನೇರ ನಷ್ಟ.

2. ಬಹುಕೊಕ್ಕೆ ಸ್ಪ್ರಿಂಗಿನ ಅಪಾಯ

ಸ್ಪ್ರಿಂಗಿಗೆ ದಾರವನ್ನು ಗಂಟು ಹಾಕಿ, ಸುತ್ತಲೂ ನಾಲ್ಕಾರು ಕೊಕ್ಕೆ ಕಟ್ಟುವುದು ಈಗಿನ ರೂಢಿ. ದಾರ ಕಡಿದರೆ ಸ್ಪ್ರಿಂಗ್, ಗುಂಡು ಮತ್ತು ಉಳಿದ ಕೊಕ್ಕೆಗಳೆಲ್ಲ ಮೀನಿನ ಬಾಯಿಗೇ ಜೋತುಬೀಳುತ್ತವೆ. ಅವು ಜಾಲಿ ಮುಳ್ಳಿಗೋ ಜೊಂಡಿಗೋ ಸಿಕ್ಕಿಕೊಂಡಾಗ ಮೀನು ಅಲ್ಲೇ ಕಟ್ಟಿಹಾಕಿದಂತಾಗಿ ಉಪವಾಸ ಸಾಯುತ್ತದೆ. ನೀರು ಇಳಿದಾಗ ಅದೇ ಕೊಕ್ಕೆಗಳು ದನಕರುಗಳ ಗೊರಸಿನ ಸಂದಿಗೆ, ಮಕ್ಕಳ ಪಾದಕ್ಕೆ ಚುಚ್ಚುತ್ತವೆ. ನೈಲಾನ್ ದಾರ ವರ್ಷಗಟ್ಟಲೆ ಕೊಳೆಯದೆ ಉಳಿದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಂತಹ ಹಕ್ಕಿಗಳಿಗೆ ಆಹಾರ ಒದಗಿಸುವುದು ಜಿಲ್ಲೆಯ ಕೆರೆಗಳೇ ಎಂಬುದನ್ನು ಮರೆಯಬಾರದು.

3. ಸುರಕ್ಷಿತ ಜೋಡಣೆ

ಸುರಕ್ಷಿತ ಜೋಡಣೆಗೆ ಹೆಚ್ಚಿನ ಖರ್ಚಿಲ್ಲ. ಅದರ ಮೂಲ ನಿಯಮ ಒಂದೇ: ಸ್ಪ್ರಿಂಗ್ ದಾರದ ಮೇಲೆ ಸಲೀಸಾಗಿ ಜಾರಬೇಕು, ಅದನ್ನು ಗಂಟು ಹಾಕಿ ಬಿಗಿಯಬಾರದು.

ಅ) ಸ್ಪ್ರಿಂಗಿನ ಮೇಲ್ತುದಿಗೆ ಒಂದು ಚಿಕ್ಕ ಉಂಗುರ ಜೋಡಿಸಿ, ಮುಖ್ಯ ದಾರವನ್ನು ಆ ಉಂಗುರದೊಳಗಿಂದ ಹಾಯಿಸಬೇಕು. ಅನಂತರ ಒಂದು ಮಣಿ ಪೋಣಿಸಿ, ದಾರದ ತುದಿಗೆ ಅಂಗಡಿಗಳಲ್ಲಿ ಸ್ವಿವೆಲ್ ಎಂದು ದೊರೆಯುವ ತಿರುಗುಕೊಂಡಿಯನ್ನು ಕಟ್ಟಬೇಕು. ಉಂಗುರದ ಮೇಲ್ಭಾಗದ ದಾರದಲ್ಲಿ ಯಾವುದೇ ಗಂಟು ಇರಬಾರದು.

ಆ) ತಿರುಗುಕೊಂಡಿಯ ಇನ್ನೊಂದು ಬದಿಗೆ ಸುಮಾರು 15 ಸೆಂ.ಮೀ. ಉದ್ದದ ಕೊಕ್ಕೆದಾರ ಮತ್ತು ಒಂದೇ ಕೊಕ್ಕೆ ಇರಲಿ. ಕೊಕ್ಕೆದಾರವು ಮುಖ್ಯ ದಾರಕ್ಕಿಂತ ತೆಳ್ಳಗಿರಬೇಕು. ಉದಾಹರಣೆಗೆ, ಮುಖ್ಯ ದಾರ 0.35 ಮಿ.ಮೀ. ಇದ್ದರೆ ಕೊಕ್ಕೆದಾರ 0.28 ಮಿ.ಮೀ. ಇರಬಹುದು. ಕೊಕ್ಕೆ ಎಲ್ಲಾದರೂ ಸಿಕ್ಕಿಕೊಂಡರೆ ತೆಳುವಾದ ದಾರವೇ ಮೊದಲು ಕಡಿಯುತ್ತದೆ; ಆಗ ನೀರಿನಲ್ಲಿ ಉಳಿಯುವುದು ಒಂದು ಕೊಕ್ಕೆ ಮತ್ತು ಗೇಣುದ್ದಕ್ಕೂ ಕಡಿಮೆ ದಾರ ಮಾತ್ರ.

ಇ) ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿರುವ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು. ದಾರವನ್ನು ಬಿಗಿಯಾಗಿ ಹಿಡಿದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವುದೂ ಸುಲಭ.

ಈ) ಹರಿಯದ ನೀರಿಗೆ 30ರಿಂದ 40 ಗ್ರಾಂ ತೂಕ ಸಾಕು. ಸೀಸದ ಗುಂಡಿನ ಬದಲು ಕಬ್ಬಿಣದ ನಟ್ಟುಗಳನ್ನು ಕಟ್ಟುವುದು ಒಳ್ಳೆಯದು. ಗಾಳಗಾರರು ಬಿಟ್ಟ ಸೀಸವನ್ನು ನುಂಗಿ ಹಂಸಗಳು ಸತ್ತ ಕಾರಣ ಇಂಗ್ಲೆಂಡಿನಲ್ಲಿ 1987ರಿಂದಲೇ ಗಾಳಕ್ಕೆ ಬಳಸುವ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಲಾಗಿದೆ.

ಉ) ಗಂಟನ್ನು ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡಬೇಕು. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಅಲ್ಲಿಯೇ ದುರ್ಬಲವಾಗುತ್ತದೆ.

ಜೋಡಣೆ ಸರಿಯಿದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮುಖ್ಯ ದಾರವನ್ನು ಸ್ಪ್ರಿಂಗಿನಿಂದ ಒಂದು ಮೊಳ ಮೇಲೆ ಕತ್ತರಿಸಿ, ಕೊಕ್ಕೆದಾರವನ್ನು ಹಿಡಿದು ಎಳೆಯಬೇಕು. ಸ್ಪ್ರಿಂಗ್ ಜಾರಿ ಕೆಳಗೆ ಬಿದ್ದರೆ ಜೋಡಣೆ ಸುರಕ್ಷಿತ. ಬೀಳದಿದ್ದರೆ ಅದನ್ನು ಕೆರೆಗೆ ಇಳಿಸಬಾರದು.

4. ಮೇವಿನ ಮಿಶ್ರಣ

ಎರಡು ಪಾಲು ಅಕ್ಕಿ ತವುಡು, ಒಂದು ಪಾಲು ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಅಥವಾ ಕೊಬ್ಬರಿ ಹಿಂಡಿ ಮತ್ತು ಅಂಟಿಗಾಗಿ ಸ್ವಲ್ಪ ರಾಗಿ ಹಿಟ್ಟನ್ನು ಕಲಸಿ, ಅರ್ಧ ಗಂಟೆ ನೆನೆಯಲು ಬಿಡಬೇಕು. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಸ್ಪ್ರಿಂಗಿಗೆ ಮೆತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ಕರಗಿದರೆ ಹದ ಸರಿಯಾಗಿದೆ. ಬೇಗ ಉದುರಿದರೆ ರಾಗಿ ಹಿಟ್ಟು ಸೇರಿಸಬೇಕು. ಕಲ್ಲಿನಂತೆ ಉಳಿದರೆ ತವುಡು ಸೇರಿಸಬೇಕು. ಮೀನಿನ ಆಸೆಗೆ ಕಿಲೋಗಟ್ಟಲೆ ಹಿಂಡಿ ಸುರಿಯಬಾರದು. ತಿನ್ನದೆ ಉಳಿದ ಹಿಂಡಿ ಕೊಳೆತು ನೀರಿನ ಆಮ್ಲಜನಕವನ್ನು ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಿದ್ದಾಗ ಇದರಿಂದ ಮೀನುಗಳು ಸಾಯಬಹುದು.

5. ಏರಿಯ ಮೇಲಿನ ಎಚ್ಚರ

ರೀಲ್ ಕೋಲುಗಳಲ್ಲಿ ಹಲವು ಕಾರ್ಬನ್ ನಾರಿನಿಂದ ಮಾಡಿದವು. ಅವುಗಳಲ್ಲಿ ವಿದ್ಯುತ್ ಹರಿಯುತ್ತದೆ. 11 ಕೆ.ವಿ. ಮಾರ್ಗ ಹಾದುಹೋಗುವ ಏರಿಯ ಭಾಗದಲ್ಲಿ ಗಾಳ ಬೀಸಲು ಅವಕಾಶ ಕೊಡಬಾರದು. ತಂತಿಯನ್ನು ಮುಟ್ಟದೆ ಹತ್ತಿರ ಹೋದರೂ ಅಪಾಯವಿದೆ. ತೂಬು, ಕೋಡಿ ಮತ್ತು ಮಣ್ಣು ತೆಗೆದ ಗುಂಡಿಗಳ ಬಳಿ ಗಾಳ ಹಾಕಬಾರದು. ನೀರು ತುಂಬಿದ ಮೇಲೆ ಗುಂಡಿಯ ಆಳ ಕಣ್ಣಿಗೆ ಕಾಣುವುದಿಲ್ಲ. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ಯಾರೂ ನೀರಿಗೆ ಇಳಿಯಬಾರದು. ಕೊಕ್ಕೆಯ ಬೆಲೆ ಕೆಲವೇ ರೂಪಾಯಿ.

ಬೀಸುವ ಮೊದಲು ಹಿಂದೆ ಯಾರೂ ಇಲ್ಲವೆಂದು ನೋಡಿಕೊಳ್ಳಬೇಕು. ಕೊಕ್ಕೆ ಮೈಗೆ ಆಳವಾಗಿ ನಾಟಿದರೆ ಎಳೆದು ಕೀಳದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೆಗೆಸಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಚಿಕ್ಕ ಮೀನನ್ನು ಒದ್ದೆ ಕೈಯಿಂದ ಹಿಡಿದು ನೀರಿಗೆ ಬಿಡಬೇಕು. ಒಣ ಕೈ ತಾಗಿದರೆ ಮೀನಿನ ಮೈಯ ರಕ್ಷಣಾ ಲೋಳೆ ಕಿತ್ತುಹೋಗುತ್ತದೆ.

6. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಸಂವಿಧಾನದ 11ನೇ ಅನುಸೂಚಿಯ 5ನೇ ವಿಷಯವೇ ಮೀನುಗಾರಿಕೆ. ಕೆರೆಯ ಮೀನು ಪಾಶುವಾರು ಹಕ್ಕು ಗ್ರಾಮ ಪಂಚಾಯತಿಯದೋ ಮೀನುಗಾರಿಕೆ ಇಲಾಖೆಯದೋ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲು ಖಚಿತಪಡಿಸಿಕೊಳ್ಳಬೇಕು. ಹಕ್ಕು ಪಂಚಾಯತಿಯದಾಗಿದ್ದಲ್ಲಿ, ಗಾಳ ಹಾಕಲು ಯಾರಿಗೆ, ಎಲ್ಲಿ, ಯಾವ ದಿನಗಳಲ್ಲಿ ಅವಕಾಶವಿದೆ ಎಂಬುದನ್ನು ಹರಾಜಿನ ಷರತ್ತುಗಳಲ್ಲಿಯೇ ಬರೆದಿಡುವುದು ಸೂಕ್ತ. ಗುತ್ತಿಗೆದಾರ ಮತ್ತು ಊರಿನವರ ನಡುವಿನ ಹಲವು ಜಗಳಗಳು ಈ ಒಂದು ಸಾಲು ಇಲ್ಲದಿರುವುದರಿಂದಲೇ ಹುಟ್ಟುತ್ತವೆ.

ಒಂದು ದಾರಕ್ಕೆ ಒಂದೇ ಕೊಕ್ಕೆ ಮತ್ತು ಜಾರುವ ಸ್ಪ್ರಿಂಗ್ ಎಂಬ ನಿಯಮವನ್ನು ಗ್ರಾಮ ಸಭೆಯಲ್ಲಿ ಚರ್ಚಿಸಿ, ಏರಿಯ ಬಳಿ ಫಲಕ ಹಾಕಿಸಬಹುದು. ಸೋಪಾನ ಮತ್ತು ದನ ನೀರು ಕುಡಿಯುವ ಜಾಗಗಳನ್ನು ಗಾಳದಿಂದ ಹೊರತುಪಡಿಸಬೇಕು. ಹಳೆಯ ದಾರ ಹಾಕಲು ಒಂದು ಡಬ್ಬವಿಟ್ಟು, ಸ್ವಚ್ಛ ವಾಹಿನಿಯ ಮೂಲಕ ಒಣ ಕಸದೊಡನೆ ಸಾಗಿಸಬಹುದು. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ. ಅಂತಹ ಘಟನೆ ಕಂಡುಬಂದಲ್ಲಿ ಕೂಡಲೇ ಪೊಲೀಸರಿಗೂ ಇಲಾಖೆಗೂ ತಿಳಿಸಬೇಕು.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ, ದನಕರುಗಳು ಕೆರೆಯಂಗಳಕ್ಕೆ ಇಳಿಯುವ ಮೊದಲು, ಸದಸ್ಯರು ಒಂದು ದಿನ ಅಂಗಳದಲ್ಲಿ ನಡೆದು ನೋಡುವುದು ಒಳಿತು. ಅಲ್ಲಿ ಸಿಗುವ ಕೊಕ್ಕೆ ಮತ್ತು ದಾರಗಳನ್ನು ಎಣಿಸಿದರೆ, ಮುಂದಿನ ಹರಾಜಿನಲ್ಲಿ ಯಾವ ಷರತ್ತು ಸೇರಿಸಬೇಕೆಂಬುದು ಸಭೆಗೆ ತಾನಾಗಿಯೇ ತಿಳಿಯುತ್ತದೆ.