ಹಮ್ಮಿಂಗ್ ಬರ್ಡ್‌ಗೆ ಜೇನುತುಪ್ಪ ಬೇಡ

ಪಕ್ಷಿಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮ ಪ್ರಸಾರವಾದ ಬಳಿಕ ಮೈಸೂರಿನ ಹಿರಿಯ ವೀಕ್ಷಕಿಯೊಬ್ಬರು ಪತ್ರ ಬರೆದಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಹಿತ್ತಲಿನಲ್ಲಿ ತೂಗುಹಾಕಿದ್ದ ಕೆಂಪು ಬಾಟಲಿಗೆ ಹಮ್ಮಿಂಗ್ ಬರ್ಡ್ ಬಂದು ಸಕ್ಕರೆ ನೀರು ಕುಡಿಯುವುದನ್ನು ಅವರು ದಿನವೂ ನೋಡುತ್ತಿದ್ದರಂತೆ. "ಸಕ್ಕರೆಗಿಂತ ಜೇನುತುಪ್ಪ ಶ್ರೇಷ್ಠವಲ್ಲವೆ? ಬೆಲ್ಲವನ್ನಾದರೂ ಹಾಕು ಎಂದೆ. ಮಗಳು ಒಪ್ಪಲಿಲ್ಲ. ಯಾರು ಸರಿ?" ಎಂಬುದು ಅವರ ಪ್ರಶ್ನೆ.

ಮಗಳೇ ಸರಿ. ಏಕೆಂದು ನೋಡೋಣ.

ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ವಾಸಿಸುವ ಹಕ್ಕಿಗಳು. ನ್ಯೂಜೆರ್ಸಿಯಲ್ಲಿ ಕಾಣುವ ಕೆಂಪು ಕೊರಳಿನ ಜಾತಿ ಸುಮಾರು 3 ಗ್ರಾಂ ತೂಗುತ್ತದೆ. ಅಂದರೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಇದರ ರೆಕ್ಕೆ ಸೆಕೆಂಡಿಗೆ ಸುಮಾರು 50 ಬಾರಿ ಬಡಿಯುತ್ತದೆ. ಹಾರುವಾಗ ಹೃದಯ ನಿಮಿಷಕ್ಕೆ 1,000ಕ್ಕೂ ಹೆಚ್ಚು ಸಲ ಮಿಡಿಯುತ್ತದೆ. ಇಷ್ಟು ಪುಟ್ಟ ದೇಹದಲ್ಲಿ ಶಕ್ತಿಯ ಸಂಗ್ರಹ ಬಹಳ ಕಡಿಮೆ. ಹಾಗಾಗಿ ಅದು ಹಗಲೆಲ್ಲ ಉಣ್ಣುತ್ತಲೇ ಇರಬೇಕು. ನಮಗೆ ಸಣ್ಣದೆನಿಸುವ ತಪ್ಪು ಅದಕ್ಕೆ ಪ್ರಾಣಾಂತಿಕವಾಗಬಹುದು.

ಈ ಹಕ್ಕಿ ಭೇಟಿ ಕೊಡುವ ಹೂಗಳ ಮಕರಂದದಲ್ಲಿ ಹೆಚ್ಚಾಗಿರುವುದು ಸುಕ್ರೋಸ್. ನಮ್ಮ ಅಡುಗೆಮನೆಯ ಬಿಳಿ ಸಕ್ಕರೆಯೂ ಅದೇ. ಜೇನುತುಪ್ಪಕ್ಕೆ ನೀರು ಬೆರೆಸಿದರೆ ಅದರಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೇಗ ಬೆಳೆದು ಹಕ್ಕಿಗೆ ರೋಗ ತರಬಲ್ಲವು. ಬೆಲ್ಲ ಮತ್ತು ಕಂದು ಸಕ್ಕರೆಯಲ್ಲಿ ಕಬ್ಬಿಣದ ಅಂಶವಿದೆ. ನಮಗೆ ಹಿತವಾದ ಅದು ಈ ಹಕ್ಕಿಗೆ ಅಪಾಯಕಾರಿ. ಕೃತಕ ಸಿಹಿಯಲ್ಲಿ ಶಕ್ತಿಯೇ ಇಲ್ಲ. ನೀರಿಗೆ ಕೆಂಪು ಬಣ್ಣವೂ ಬೇಡ, ಪಾತ್ರೆ ಕೆಂಪಗಿದ್ದರೆ ಸಾಕು.

ತಯಾರಿಕೆ ಸುಲಭ. 4 ಲೋಟ ನೀರಿಗೆ 1 ಲೋಟ ಬಿಳಿ ಸಕ್ಕರೆ ಹಾಕಿ ಕರಗಿಸಿ, ಬಿಸಿ ಮಾಡಿದ್ದರೆ ಪೂರ್ತಿ ಆರಿಸಿ ತುಂಬಿರಿ. ನಿಜವಾದ ಕೆಲಸವಿರುವುದು ತೊಳೆಯುವುದರಲ್ಲಿ. ಬೇಸಿಗೆಯಲ್ಲಿ ಸಕ್ಕರೆ ನೀರು ಬೇಗ ಹುಳಿಯುತ್ತದೆ. ಸೆಕೆ ಇದ್ದಾಗ 2 ದಿನಕ್ಕೊಮ್ಮೆ, ಇನ್ನೂ ಬಿಸಿಲೇರಿದರೆ ದಿನವೂ ನೀರು ಬದಲಿಸಿ, ಬಾಟಲಿಯನ್ನು ಬ್ರಷ್ಷಿನಿಂದ ಬಿಸಿನೀರಿನಲ್ಲಿ ಉಜ್ಜಬೇಕು. ನೀರು ಮಸುಕಾಗಿ ಕಂಡರೆ ಕೂಡಲೇ ಚೆಲ್ಲಬೇಕು.

ಬಾಟಲಿ ತೂಗುಹಾಕುವ ಜಾಗವೂ ಮುಖ್ಯ. ಕಿಟಕಿ ಗಾಜಿನಲ್ಲಿ ಕಾಣುವ ಆಕಾಶವನ್ನು ನಿಜವೆಂದು ನಂಬಿ ಹಕ್ಕಿ ಡಿಕ್ಕಿ ಹೊಡೆಯುತ್ತದೆ. ಗಾಜಿಗೆ 3 ಅಡಿಯೊಳಗೆ ಕಟ್ಟಿದರೆ ಅದು ವೇಗ ಪಡೆಯುವ ಮುನ್ನವೇ ಗಾಜು ಸಿಗುವುದರಿಂದ ಪೆಟ್ಟು ಕಡಿಮೆ. ಬೆಕ್ಕು ನೆಗೆದು ಹಿಡಿಯುವಂಥ ಎತ್ತರದಲ್ಲಿ ಕಟ್ಟಬೇಡಿ. ಇರುವೆಗೆಂದು ಎಣ್ಣೆ ಸವರಬೇಡಿ, ಗರಿಗೆ ಅಂಟುತ್ತದೆ. ಮೇಲುಗಡೆ ನೀರು ತುಂಬಿದ ಪುಟ್ಟ ಬಟ್ಟಲಿದ್ದರೆ ಇರುವೆ ದಾಟಲಾರದು. ತೋಟಕ್ಕೆ ಕೀಟನಾಶಕವನ್ನೂ ಸಿಂಪಡಿಸಬಾರದು. ಪ್ರೋಟೀನಿಗಾಗಿ ಹಕ್ಕಿ ಸಣ್ಣ ಕೀಟಗಳನ್ನೂ ಜೇಡಗಳನ್ನೂ ತಿನ್ನುತ್ತದೆ. ಮರಿಗಳಿಗಂತೂ ಅದೇ ಮುಖ್ಯ ಆಹಾರ.

ಬಾಟಲಿ ಇಟ್ಟರೆ ಹಕ್ಕಿ ವಲಸೆ ಹೋಗುವುದನ್ನೇ ಮರೆಯುತ್ತದೆ ಎಂಬ ಮಾತಿದೆ. ಅದು ನಿಜವಲ್ಲ. ಹಗಲಿನ ಅವಧಿ ಕುಗ್ಗುತ್ತಿದ್ದಂತೆ ಅದರ ದೇಹವೇ ಹೊರಡಲು ಸಿದ್ಧವಾಗುತ್ತದೆ. ಇದೇ ಕೆಂಪು ಕೊರಳಿನ ಹಕ್ಕಿಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯ ಮೇಲೆ ಸುಮಾರು 800 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ದಾಟುತ್ತವೆ. ದಾರಿಯ ಬುತ್ತಿಯಂತೆ ಸಕ್ಕರೆ ನೀರು ಅವಕ್ಕೆ ಉಪಕಾರವೇ.

ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಕೆಲವರು ಹಮ್ಮಿಂಗ್ ಬರ್ಡ್ ಎಂದೇ ತಿಳಿದಿದ್ದಾರೆ. ಅದು ಬೇರೆಯೇ ಕುಟುಂಬದ ಹಕ್ಕಿ. ಮಕರಂದ ಕುಡಿಯುವ ಬದುಕು ಎರಡನ್ನೂ ಒಂದೇ ಬಗೆಯಾಗಿ ರೂಪಿಸಿದೆ. ಅದಕ್ಕೆ ಬಾಟಲಿ ಬೇಕಿಲ್ಲ, ದಾಸವಾಳ, ಕೇಪಳದ ಗಿಡಗಳಿದ್ದರೆ ಸಾಕು. ನ್ಯೂಜೆರ್ಸಿಯಲ್ಲಿರುವ ಮಕ್ಕಳಿಗೂ ಇದೇ ಮಾತು ಹೇಳಬಹುದು. ತಪ್ಪದೆ ತೊಳೆಯಲು ಪುರಸೊತ್ತಿದ್ದರೆ ಬಾಟಲಿ ಇಡಲಿ. ಇಲ್ಲವಾದರೆ ಅಲ್ಲಿಯದೇ ಹೂಗಿಡ ನೆಡಲಿ. ಹೂವನ್ನು ಯಾರೂ ತೊಳೆಯಬೇಕಿಲ್ಲ.